ಒಂದೇ ಬೆರಳಲ್ಲಿ ತೋರಿಸಿ

ಪಾದದ ನೋವು ಎಂದು ನಮ್ಮ ವಿಭಾಗಕ್ಕೆ ಬಂದವರಿಗೆ ಮೊದಲು ಚಪ್ಪಲಿ ಬಿಡಲು ಹೇಳುತ್ತೇನೆ. ಆಮೇಲೆ ಕೇಳುತ್ತೇನೆ, "ಎಲ್ಲಿ ನೋವು? ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ." ಹೆಚ್ಚಿನವರು ಇಡೀ ಅಂಗೈಯನ್ನು ಕಾಲಿನ ಮೇಲೆ ಆಡಿಸಿ "ಇಲ್ಲೆಲ್ಲ ಮೇಡಂ" ಅನ್ನುತ್ತಾರೆ. ಅಷ್ಟಕ್ಕೆ ನಾನು ಬಿಡುವುದಿಲ್ಲ. ಮೆಟ್ಟಿಲು ಇಳಿಯುವಾಗ ಎಲ್ಲಿ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಎಲ್ಲಿ? ಕಲ್ಲುಮಣ್ಣಿನ ದಾರಿಯಲ್ಲಿ ಪಾದ ಓರೆಯಾದಾಗ ಎಲ್ಲಿ? ಹೀಗೆ ಕೇಳುತ್ತಾ ಹೋದರೆ ಕೊನೆಗೆ ಬೆರಳು ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ: ಎಡಗಾಲು, ಹೊರಗಡೆಯ ಹರಡಿನ ಕೆಳಗೆ, ಒಂದು ಬೆರಳಗಲ ಮುಂದೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಊರು ಸಾಗರದ ಹತ್ತಿರ, ಓದಿದ್ದು ಮಣಿಪಾಲದಲ್ಲಿ. ರಿಪೋರ್ಟ್ ಬರೆಯುವವರು ನಮ್ಮ ಡಾಕ್ಟರು, ಚಿತ್ರ ತೆಗೆಯುವವಳು ನಾನು. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಕ್ಯಾನ್ಸರಿನವರು, ಥೈರಾಯ್ಡಿನವರು, ಕಿಡ್ನಿ, ಹೃದಯದ ತೊಂದರೆಯವರು. ಅವರ ನಡುವೆ ಕಾಲು ನೋವಿನವರು ಒಬ್ಬರೋ ಇಬ್ಬರೋ ಕೂತಿರುತ್ತಾರೆ. ಪಕ್ಕದವರ ಕಥೆ ಕೇಳಿ ಅವರಿಗೆ ಸಂಕೋಚ. "ನಂದೇನಿಲ್ಲಮ್ಮ, ಬರೀ ಕಾಲ್ನೋವು" ಅನ್ನುತ್ತಾರೆ. ಆ ಬರೀ ಕಾಲುನೋವಿನಿಂದ ಕೆಲಸ ಬಿಟ್ಟವರನ್ನು, ಜಮೀನು ಗೇಣಿಗೆ ಕೊಟ್ಟವರನ್ನು, ಮಗಳ ಮದುವೆಯಲ್ಲಿ ಇಡೀ ದಿನ ಕುರ್ಚಿ ಬಿಟ್ಟು ಏಳದವರನ್ನು ನಾನು ನೋಡಿದ್ದೇನೆ. ಹಾಗಾಗಿ ಅವರಿಗೆ ನಾವು ಮಾಡುವ ಸ್ಪೆಕ್ಟ್-ಸಿಟಿಯ ಬಗ್ಗೆ, ಅಂದರೆ ವಿಕಿರಣ ಸೂಸುವ ಮದ್ದು ಚುಚ್ಚಿ ಮೂಳೆಯ ಚಿತ್ರ ತೆಗೆದು ಅದನ್ನು ಸಿಟಿಯ ಚಿತ್ರದ ಮೇಲೆ ಕೂರಿಸಿ ನೋಡುವ ಪರೀಕ್ಷೆಯ ಬಗ್ಗೆ, ಕನ್ನಡದಲ್ಲಿ ಬಿಡಿಸಿ ಬರೆಯಬೇಕೆಂದು ಬಹಳ ಸಮಯದಿಂದ ಅನ್ನಿಸುತ್ತಿತ್ತು.

ಒಂದು ಪಾದದಲ್ಲಿ 26 ಮೂಳೆಗಳಿವೆ, 33 ಕೀಲುಗಳಿವೆ. ಎಕ್ಸ್‌ರೇ ತೆಗೆದರೆ ನಡುಪಾದದ ಸಣ್ಣ ಮೂಳೆಗಳ ನೆರಳು ಒಂದರ ಮೇಲೊಂದು ಬೀಳುತ್ತದೆ. ಕಣಕಾಲಿನ ಮೂಳೆಗೂ ಹಿಮ್ಮಡಿ ಮೂಳೆಗೂ ನಡುವೆ ಟೇಲಸ್ ಎಂಬ ಮೂಳೆ ಇದೆ. ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಮೃದ್ವಸ್ಥಿಯ ಹೊದಿಕೆ. ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ಟೇಲಸ್‌ನ ಮೇಲಿರುವ ಕೀಲಿನಿಂದ ಪಾದ ಮೇಲೆ ಕೆಳಗೆ ಆಡುತ್ತದೆ. ಕೆಳಗಿರುವ ಕೀಲು ಸಬ್‌ಟೇಲರ್. ಪಾದ ಒಳಕ್ಕೂ ಹೊರಕ್ಕೂ ಓರೆಯಾಗುವುದು ಅದರಿಂದ. ಗದ್ದೆಯ ಬದುವಿನ ಮೇಲೆ ನಡೆಯುವವರಿಗೆ ಅದು ಎಷ್ಟು ಬೇಕು ಎಂಬುದು ನಡೆದವರಿಗೇ ಗೊತ್ತು. ಈ ಎರಡು ಕೀಲುಗಳ ನಡುವೆ ಇರುವುದು ಒಂದು ಮೂಳೆಯ ದಪ್ಪ ಮಾತ್ರ. ಮೇಲಿನದು ಕೆಟ್ಟರೂ ಕೆಳಗಿನದು ಕೆಟ್ಟರೂ ರೋಗಿ ಕೈಯಿಡುವುದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ.

ಇನ್ನೊಂದು ತೊಡಕಿದೆ. ವಯಸ್ಸಾದವರ, ಕಾಲಿಗೆ ಹಿಂದೆ ಪೆಟ್ಟು ಬಿದ್ದವರ ಎಕ್ಸ್‌ರೇಯಲ್ಲಿ ನಾಲ್ಕಾರು ಕಡೆ ಸವೆತ ಕಾಣುತ್ತದೆ. ಇಲ್ಲೊಂದು ಮೂಳೆಯ ಮುಳ್ಳು ಬೆಳೆದಿರುತ್ತದೆ, ಅಲ್ಲೊಂದು ಕೀಲಿನ ಸಂದು ಕಿರಿದಾಗಿರುತ್ತದೆ. ಸವೆದ ಕೀಲೆಲ್ಲ ನೋಯುವುದಿಲ್ಲ. ಈ ನಾಲ್ಕರಲ್ಲಿ ನೋಯುತ್ತಿರುವುದು ಯಾವುದು ಎಂದು ಶಸ್ತ್ರಚಿಕಿತ್ಸೆ ಮಾಡುವವರಿಗೆ ಗೊತ್ತಾಗಬೇಕು. ಅಸ್ಥಿರಜ್ಜು, ಸ್ನಾಯುರಜ್ಜು, ಮೃದ್ವಸ್ಥಿ ನೋಡಬೇಕಾದರೆ ಎಂಆರ್‌ಐಗೆ ಸಮನಾದದ್ದಿಲ್ಲ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಕಾಲಿನೊಳಗೆ ಪ್ಲೇಟು, ಸ್ಕ್ರೂ ಇದ್ದರೆ ಅದರ ಸುತ್ತಲಿನ ಚಿತ್ರ ಎಂಆರ್‌ಐಯಲ್ಲಿ ಕೆಡುತ್ತದೆ. ಸ್ಪೆಕ್ಟ್-ಸಿಟಿಯ ನೆನಪು ಬರುವುದು ಸಾಮಾನ್ಯವಾಗಿ ಆ ಹೊತ್ತಿಗೆ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮಲೆನಾಡಿನವರು, ಅಡಿಕೆ ಕೊನೆ ಕೊಯ್ಯುವುದು ಕಸುಬು. ನನ್ನ ಮಾತಿನ ಧಾಟಿ ಕೇಳಿಯೇ "ನೀನು ನಮ್ಮ ಕಡೆಯವಳೇನೇ ತಂಗಿ?" ಎಂದರು. ಹೌದಣ್ಣ ಎಂದೆ. ಆಮೇಲೆ ಕೇಳದೆಯೇ ಎಲ್ಲ ಹೇಳಿದರು. ಕಾಲಿಗೆ ತಳೆ ಹಾಕಿ ಮರ ಹತ್ತಿದ್ದರು, ಮರದ ಮೇಲೆ ಮಳೆಗಾಲದ ಪಾಚಿ ಇನ್ನೂ ಆರಿರಲಿಲ್ಲ. ಜಾರಿದರು. ಬಿದ್ದದ್ದು ಕಾಲೂರಿಕೊಂಡೇ. ಎತ್ತರದಿಂದ ಹಾಗೆ ಬಿದ್ದಾಗ ಮೈಭಾರವೆಲ್ಲ ಟೇಲಸ್ ಮೂಲಕ ಇಳಿದು ಹಿಮ್ಮಡಿ ಮೂಳೆಯ ಮೇಲ್ಮೈಯನ್ನು ಒಳಕ್ಕೆ ಒತ್ತಿ ಸೀಳುತ್ತದೆ. ಇದೇ ಪೆಟ್ಟಿಗೆ ಸೊಂಟದ ಭಾಗದ ಬೆನ್ನುಮೂಳೆಯೂ ಮುರಿಯಬಹುದಾದ್ದರಿಂದ ಹಿಮ್ಮಡಿ ಒಡೆದುಕೊಂಡು ಬಂದವರ ಬೆನ್ನನ್ನೂ ಡಾಕ್ಟರು ನೋಡುತ್ತಾರೆ. ಇವರ ಬೆನ್ನಿಗೆ ಏನೂ ಆಗಿರಲಿಲ್ಲ. ಹಿಮ್ಮಡಿಗೆ ಪ್ಲೇಟು ಹಾಕಿದರು, ಮೂಳೆ ಕೂಡಿತು, ನೋವು ಹೋಗಲಿಲ್ಲ.

"ಮರ ಹತ್ತೋದು ಹೋಗ್ಲಿ ತಂಗಿ, ತೋಟದ ಬಸಿಗಾಲುವೆ ದಾಟಕ್ಕೂ ಆಗಲ್ಲ. ಸಮ ನೆಲದಲ್ಲಿ ಹೆಂಗೋ ನಡೀತೀನಿ. ಕಾಲು ಸ್ವಲ್ಪ ಓರೆ ಆದ್ರೆ ಪ್ರಾಣ ಹೋಗ್ತದೆ."

ಓರೆಯಾದರೆ ಎಂದ ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಅವರು ತಂದಿದ್ದ ಚೀಲದಲ್ಲಿ ಎಕ್ಸ್‌ರೇಗಳ ಕಟ್ಟು ಇತ್ತು. ಒಬ್ಬರು ಪ್ಲೇಟು ತೆಗೆಸಿ ಅಂದಿದ್ದರು. ಇನ್ನೊಬ್ಬರು ಮೇಲಿನ ಕೀಲು ಸವೆದಿದೆ ಅಂದಿದ್ದರು, ಎಕ್ಸ್‌ರೇಯಲ್ಲಿ ಅದು ನಿಜವಾಗಿಯೂ ಕಾಣುತ್ತಿತ್ತು. ನರದ ನೋವು ಎಂದು ಮಾತ್ರೆಯೂ ಆಗಿತ್ತು. ಯಾರ ಮಾತನ್ನೂ ತೆಗೆದುಹಾಕುವಂತಿರಲಿಲ್ಲ, ಎಲ್ಲಕ್ಕೂ ಆಧಾರವಿತ್ತು. ಈಗ ನೋಡುತ್ತಿದ್ದ ಪಾದದ ಸರ್ಜನ್ ಕೋರಿಕೆ ಚೀಟಿಯಲ್ಲಿ ಸ್ಪಷ್ಟವಾಗಿ ಕೇಳಿದ್ದರು: ಮೇಲಿನ ಕೀಲೋ, ಸಬ್‌ಟೇಲರ್ ಕೀಲೋ, ಪ್ಲೇಟಿನ ಸ್ಕ್ರೂಗಳೋ?

ಇಂಥ ಪ್ರಶ್ನೆಗೆ ನಾವು ಉತ್ತರ ಹುಡುಕುವ ಕೆಲಸ ಬೆಳಗಿನ ಜಾವ ಹಾಟ್ ಲ್ಯಾಬಿನಲ್ಲಿ, ಅಂದರೆ ವಿಕಿರಣದ ಮದ್ದು ತಯಾರಿಸುವ ಕೋಣೆಯಲ್ಲಿ, ಶುರುವಾಗುತ್ತದೆ. ಸೀಸದ ಕವಚದೊಳಗಿನ ಜನರೇಟರಿನಲ್ಲಿ ಮಾಲಿಬ್ಡಿನಮ್-99 ಎಂಬ ವಿಕಿರಣ ಸೂಸುವ ವಸ್ತು ಇರುತ್ತದೆ. ನಮ್ಮ ದೇಶದಲ್ಲಿ ಇವುಗಳನ್ನು ಆಸ್ಪತ್ರೆಗಳಿಗೆ ಒದಗಿಸುವ ಸಂಸ್ಥೆಗಳಲ್ಲಿ ಅಣುಶಕ್ತಿ ಇಲಾಖೆಗೆ ಸೇರಿದ, ನವಿಮುಂಬೈಯ ಬ್ರಿಟ್ ಒಂದು. ಮಾಲಿಬ್ಡಿನಮ್ 66 ಗಂಟೆಗಳಲ್ಲಿ ಅರ್ಧವಾಗುತ್ತಾ ಟೆಕ್ನೀಷಿಯಮ್-99ಎಂ ಆಗಿ ಬದಲಾಗುತ್ತಿರುತ್ತದೆ. ಸಲೈನ್ ಹಾಯಿಸಿದರೆ ಟೆಕ್ನೀಷಿಯಮ್ ಮಾತ್ರ ಕರಗಿ ಇಳಿದು ಬರುತ್ತದೆ, ಮಾಲಿಬ್ಡಿನಮ್ ಒಳಗೇ ಉಳಿಯುತ್ತದೆ, ಮರುದಿನಕ್ಕೆ ಮತ್ತೆ ಟೆಕ್ನೀಷಿಯಮ್ ತುಂಬಿಕೊಂಡಿರುತ್ತದೆ. ನಮ್ಮ ಕಸುಬಿನಲ್ಲಿ ಜನರೇಟರನ್ನು ಹಸು ಎಂದೂ ಈ ಕೆಲಸವನ್ನು ಹಾಲು ಕರೆಯುವುದು ಎಂದೂ ಕರೆಯುತ್ತೇವೆ. ಕೊಟ್ಟಿಗೆಯ ಮನೆಯಲ್ಲಿ ಬೆಳೆದ ನನಗೆ ಆ ಮಾತು ಮೊದಲ ದಿನವೇ ಒಗ್ಗಿತು.

ಇಳಿಸಿದ ಟೆಕ್ನೀಷಿಯಮನ್ನು ಎಂಡಿಪಿ ಎಂಬ ಪುಡಿಯ ಶೀಷೆಗೆ ಸೇರಿಸುತ್ತೇವೆ. ಎಂಡಿಪಿ ಒಂದು ಫಾಸ್ಫೋನೇಟ್. ಮೂಳೆಯ ಖನಿಜಕ್ಕೆ ಅಂಟಿಕೊಳ್ಳುವುದು ಅದರ ಗುಣ, ಅದರಲ್ಲೂ ಹೊಸ ಮೂಳೆ ಕಟ್ಟುತ್ತಿರುವ ಕಡೆ ಹೆಚ್ಚು. ಟೆಕ್ನೀಷಿಯಮನ್ನು ಇಂಥ ಫಾಸ್ಫೇಟ್ ಬಗೆಯ ವಸ್ತುಗಳಿಗೆ ಕಟ್ಟಿ ಮೂಳೆಯ ಚಿತ್ರ ತೆಗೆಯಬಹುದೆಂದು ಅಮೆರಿಕದ ಸಿರಾಕ್ಯೂಸ್‌ನಲ್ಲಿ ಸುಬ್ರಮಣಿಯನ್ ಮತ್ತು ಮೆಕಾಫೀ 1971ರಲ್ಲಿ ತೋರಿಸಿದರು. ಎಂಡಿಪಿ ಬಂದದ್ದು 1975ರಲ್ಲಿ, ಸುಬ್ರಮಣಿಯನ್ ಅವರ ತಂಡದಿಂದಲೇ. ಇಷ್ಟು ವರ್ಷವಾದರೂ ಅದೇ ಪುಡಿ ನಮ್ಮ ಫ್ರಿಜ್‌ನಲ್ಲಿದೆ. ಓದುವಾಗ ಪಠ್ಯದಲ್ಲಿ ಸುಬ್ರಮಣಿಯನ್ ಎಂಬ ಹೆಸರು ನೋಡಿ ನನಗಾದ ಸಂತೋಷ ಈಗಲೂ ನೆನಪಿದೆ.

ಕೊನೆಗಾರಣ್ಣನನ್ನು ಮಲಗಿಸಿ, ಎರಡೂ ಪಾದಗಳನ್ನು ಕ್ಯಾಮೆರಾದ ಕೆಳಗಿಟ್ಟು, ಕೈಯ ರಕ್ತನಾಳಕ್ಕೆ ಚುಚ್ಚುಮದ್ದು ಕೊಟ್ಟೆ. ದೊಡ್ಡವರಿಗೆ ಸಾಮಾನ್ಯವಾಗಿ 20 ಮಿಲಿಕ್ಯೂರಿ (ಮದ್ದಿನ ವಿಕಿರಣದ ಅಳತೆ) ಆಸುಪಾಸು. ಕೊಟ್ಟ ಕ್ಷಣದಿಂದಲೇ ಚಿತ್ರ ಶುರು. ಮೊದಲ ಒಂದು ನಿಮಿಷ ರಕ್ತ ಪಾದಕ್ಕೆ ಹೇಗೆ ನುಗ್ಗುತ್ತದೆ ಎಂದು ನೋಡುತ್ತೇವೆ, ಮುಂದಿನ ಕೆಲವು ನಿಮಿಷ ಅದು ಎಲ್ಲಿ ಹೆಚ್ಚು ನಿಂತಿದೆ ಎಂದು. ಉರಿಯೂತ, ಸೋಂಕು ಇರುವ ಕಡೆ ಈ ಹಂತದಲ್ಲೇ ಸುಳಿವು ಸಿಗುತ್ತದೆ. ಆಮೇಲೆ ಕಾಯಬೇಕು, ಸುಮಾರು 3 ಗಂಟೆ.

ಎಲ್ಲರಿಗೂ ಬೇಸರ ತರಿಸುವುದು ಈ ಕಾಯುವಿಕೆ. ಆದರೆ ಅದು ಬೇಕೇ ಬೇಕು. ಮೂಳೆಗೆ ಅಂಟದೆ ಉಳಿದ ಮದ್ದು ರಕ್ತದಿಂದ, ಮಾಂಸದಿಂದ ಕಿಡ್ನಿಗೆ ಹೋಗಿ ಮೂತ್ರದಲ್ಲಿ ಹೊರಟುಹೋಗಲು ಅಷ್ಟು ಸಮಯ ಹಿಡಿಯುತ್ತದೆ. ಅದು ಹೋದರೇನೇ ಮೂಳೆ ಸ್ವಚ್ಛವಾಗಿ ಕಾಣುವುದು. ಅದಕ್ಕೇ ನೀರು ಕುಡೀರಿ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಿ ಎಂದು ಹಿಂದೆ ಬೀಳುತ್ತೇನೆ. ಮೂತ್ರಕೋಶಕ್ಕೆ ತಗಲುವ ವಿಕಿರಣವೂ ಅದರಿಂದ ಕಡಿಮೆಯಾಗುತ್ತದೆ. ಉಪವಾಸ ಬೇಡ. ತಿಂಡಿ ತಿಂದು ಬನ್ನಿ, ಊಟ ಮಾಡಿ, ಕಾಫಿ ಕುಡಿಯಿರಿ.

ಈ ಹೊತ್ತಿನಲ್ಲೇ ಆ ಪ್ರಶ್ನೆ ಬರುವುದು. "ನ್ಯೂಕ್ಲಿಯರ್ ಅಂತ ಬೋರ್ಡ್ ಹಾಕಿದೀರಲ್ಲ ತಂಗಿ, ಮನೆಗೆ ಹೋದ್ರೆ ಮೊಮ್ಮಕ್ಕಳಿಗೆ ಏನಾದ್ರೂ ಆಗ್ತದಾ?" ಯಾರು ಕೇಳಿದರೂ ನಾನು ಕೂತು ಉತ್ತರಿಸುತ್ತೇನೆ, ಯಾಕೆಂದರೆ ಆ ಭಯ ನ್ಯಾಯವಾದದ್ದು. ಟೆಕ್ನೀಷಿಯಮ್-99ಎಂ ಪ್ರತಿ 6 ಗಂಟೆಗೆ ಅರ್ಧವಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಮೂತ್ರದಲ್ಲಿ ಹೋದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ರೋಗಿಯ ಮೈಗೆ ಬೀಳುವುದು ಸುಮಾರು 4 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ತಾನಾಗಿ ಬೀಳುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಪಾದದ ಸಿಟಿ ಇದಕ್ಕೆ ಸೇರಿಸುವುದು ಬಹಳ ಕಡಿಮೆ, ಯಾಕೆಂದರೆ ವಿಕಿರಣಕ್ಕೆ ಸೂಕ್ಷ್ಮವಾದ ಅಂಗಗಳು ಪಾದದಲ್ಲಿಲ್ಲ. ಆ ಒಂದು ದಿನ ಎಳೆಮಕ್ಕಳನ್ನು ತುಂಬಾ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬಸುರಿಯರಿಂದ ಸ್ವಲ್ಪ ದೂರ ಇರಿ ಎಂದು ಹೇಳಿ ಕಳಿಸುತ್ತೇವೆ. ಗರ್ಭಿಣಿಯಾಗಿರುವ ಸಂಶಯವಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಚುಚ್ಚುಮದ್ದಿಗೆ ಮೊದಲೇ ಹೇಳಬೇಕು. ಇದನ್ನು ಅತ್ತೆ ಮಾವನ ಎದುರು ಹೇಳಲು ಹಿಂಜರಿಯುವ ಹೆಣ್ಣುಮಕ್ಕಳಿದ್ದಾರೆ. ಹಾಗಾಗಿ ನಾನು ಅವರನ್ನು ಒಳಗೆ ಒಬ್ಬರನ್ನೇ ಕರೆದು ಕೇಳುತ್ತೇನೆ.

3 ಗಂಟೆಯ ನಂತರದ ಚಿತ್ರವೇ ಮುಖ್ಯವಾದದ್ದು. ಕ್ಯಾಮೆರಾದ ಎರಡು ತಲೆಗಳು ಪಾದದ ಸುತ್ತ ನಿಧಾನವಾಗಿ ತಿರುಗುತ್ತಾ ಒಳಗಿನಿಂದ ಬರುವ ಗಾಮಾ ಕಿರಣಗಳನ್ನು ಹಿಡಿಯುತ್ತವೆ. 15-20 ನಿಮಿಷ ಬೇಕು. ಅದು ಸ್ಪೆಕ್ಟ್. ಮುಗಿದ ಕೂಡಲೇ, ಮಲಗಿದ್ದವರು ಏಳದೆ ಅದೇ ಹಾಸಿಗೆಯಲ್ಲಿ ಸಿಟಿ ಆಗುತ್ತದೆ, ಅದಕ್ಕೆ ಒಂದು ನಿಮಿಷವೂ ಬೇಡ. ಎರಡನ್ನೂ ಕಂಪ್ಯೂಟರ್ ಒಂದರ ಮೇಲೊಂದು ಕೂರಿಸುತ್ತದೆ. ಸ್ಪೆಕ್ಟ್‌ಗೆ ಎಲ್ಲಿ ಕೆಲಸ ನಡೆಯುತ್ತಿದೆ ಎಂದು ಗೊತ್ತು, ಆದರೆ ಅದರ ಕಣ್ಣು ಅಷ್ಟು ಚುರುಕಲ್ಲ: ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರುವ ಎರಡು ಚುಕ್ಕೆಗಳು ಅದಕ್ಕೆ ಕೂಡಿಕೊಂಡು ಕಾಣಬಹುದು. ಸಿಟಿಗೆ ಒಂದು ಮಿಲಿಮೀಟರಿನ ಬಿರುಕೂ ಕಾಣುತ್ತದೆ, ಆದರೆ ಆ ಬಿರುಕು ಹಳೆಯದೋ ಈಗಲೂ ತೊಂದರೆ ಕೊಡುತ್ತಿದೆಯೋ ತಿಳಿಯದು. ಈ ಎರಡನ್ನೂ ಒಂದೇ ಯಂತ್ರದಲ್ಲಿ ಜೋಡಿಸುವ ಪ್ರಯತ್ನ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಹಸೆಗಾವಾ ಅವರ ಪ್ರಯೋಗಾಲಯದಲ್ಲಿ 1990ರ ದಶಕದ ಆರಂಭದಲ್ಲಿ ನಡೆಯಿತು. ಅದಕ್ಕೂ ಹಿಂದಿನ ಬೋನ್ ಸ್ಕ್ಯಾನ್ ಫಿಲ್ಮುಗಳನ್ನು ಹಳೆಯ ರೋಗಿಗಳು ಈಗಲೂ ತರುತ್ತಾರೆ. ಪಾದದ ನಡುವೆ ಕಪ್ಪನೆಯ ಒಂದು ಮಬ್ಬು, ರಿಪೋರ್ಟಿನಲ್ಲಿ 'ನಡುಪಾದದಲ್ಲಿ ಹೆಚ್ಚಿದ ಚಟುವಟಿಕೆ' ಎಂಬ ಒಂದು ಸಾಲು. ಏಳೆಂಟು ಕೀಲುಗಳು ಒತ್ತೊತ್ತಾಗಿರುವ ಜಾಗದಲ್ಲಿ ಆ ಒಂದು ಸಾಲು ಹಿಡಿದು ಯಾರು ತಾನೇ ಚಾಕು ಎತ್ತಿಯಾರು?

ನನ್ನ ಕೆಲಸದಲ್ಲಿ ಅತಿ ಎಚ್ಚರ ಬೇಕಾದ ಜಾಗ ಇಲ್ಲಿದೆ. ಸ್ಪೆಕ್ಟ್ ಮುಗಿದು ಸಿಟಿ ಶುರುವಾಗುವ ನಡುವೆ ರೋಗಿ ಪಾದವನ್ನು ಸ್ವಲ್ಪ ತಿರುಗಿಸಿದರೂ, ಮದ್ದು ಹೆಚ್ಚು ಸೇರಿದ ಜಾಗವನ್ನು ತೋರಿಸುವ ಬಣ್ಣದ ಚುಕ್ಕೆ ಪಕ್ಕದ ಮೂಳೆಯ ಮೇಲೆ ಹೋಗಿ ಕೂರುತ್ತದೆ. ಹೊಟ್ಟೆಯ ಚಿತ್ರದಲ್ಲಿ ನಾಲ್ಕು ಮಿಲಿಮೀಟರ್ ಆಚೀಚೆಯಾದರೆ ನಡೆದೀತು, ಪಾದದಲ್ಲಿ ನಾಲ್ಕು ಮಿಲಿಮೀಟರ್ ಎಂದರೆ ಇನ್ನೊಂದು ಕೀಲು. ಅದಕ್ಕೆ ಹಿಮ್ಮಡಿಯ ಕೆಳಗೆ ಮೆತ್ತೆ ಇಟ್ಟು, ಎರಡೂ ಪಾದಗಳನ್ನು ಪಟ್ಟಿಯಿಂದ ಕಟ್ಟುತ್ತೇನೆ. ಮಂಡಿಯ ಕೆಳಗೂ ಒಂದು ದಿಂಬು. ಆರಾಮವಾಗಿ ಮಲಗಿದವರು ಅಲ್ಲಾಡುವುದಿಲ್ಲ. ಸೊಳ್ಳೆ ಕಚ್ಚಿದರೂ, ಮೂಗು ತುರಿಸಿದರೂ ಕೈ ಮಾತ್ರ ಆಡಿಸಿ, ಕಾಲು ಬೇಡ ಎಂದು ಮೊದಲೇ ಹೇಳುತ್ತೇನೆ. ಚಿತ್ರ ಬಂದ ಮೇಲೆ ಸ್ಪೆಕ್ಟ್‌ನಲ್ಲಿ ಕಾಣುವ ಪಾದದ ಅಂಚೂ ಸಿಟಿಯ ಅಂಚೂ ಹೊಂದುತ್ತವೆಯೇ ಎಂದು ನೋಡದೆ ಯಾರನ್ನೂ ಹಾಸಿಗೆಯಿಂದ ಇಳಿಸುವುದಿಲ್ಲ. ಹೊಂದದಿದ್ದರೆ ಇನ್ನೊಮ್ಮೆ.

ಆ ಅಣ್ಣನ ಚಿತ್ರ ಪರದೆಯ ಮೇಲೆ ಮೂಡಿದಾಗ ನೋಡಿದೆ. ಬೂದು ಬಣ್ಣದ ಸಿಟಿಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಟೇಲಸ್ ಮತ್ತು ಹಿಮ್ಮಡಿ ಮೂಳೆ ಕೂಡುವ ಹಿಂಬದಿಯ ಕೀಲಿನಲ್ಲಿ, ಹೊರಗಡೆಗೆ. ನಾನು ಪೆನ್ನಿನಿಂದ ಹಾಕಿದ ಗುರುತಿಗೆ ನೇರ ಒಳಗೆ. ಒಬ್ಬರು ಸವೆದಿದೆ ಎಂದಿದ್ದ ಮೇಲಿನ ಕೀಲಿನಲ್ಲಿ ಮೂಳೆಯ ಮುಳ್ಳು ಇತ್ತು, ಬಣ್ಣ ಇರಲಿಲ್ಲ. ಸ್ಕ್ರೂಗಳ ಸುತ್ತಲೂ ತಣ್ಣಗಿತ್ತು. "ಏನು ಕಾಣ್ತು ತಂಗಿ?" ಅಂದರು. ಹೇಳುವ ಅಧಿಕಾರ ನನ್ನದಲ್ಲ. "ಚಿತ್ರ ಚೆನ್ನಾಗಿ ಬಂದಿದೆ ಅಣ್ಣ, ಡಾಕ್ಟರು ನೋಡಿ ಬರೀತಾರೆ" ಎಂದೆ. ಹೇಳಬೇಕೆಂಬ ಆಸೆಯಂತೂ ಬಹಳ ಇತ್ತು.

ಸರ್ಜನ್ ಅಷ್ಟಕ್ಕೇ ಆಪರೇಷನ್‌ಗೆ ಇಳಿಯಲಿಲ್ಲ, ಅದು ನನಗೆ ಇಷ್ಟವಾದ ಸಂಗತಿ. ಎಕ್ಸ್‌ರೇ ನೋಡಿಕೊಂಡು ಅದೇ ಕೀಲಿನೊಳಗೆ ಮರವಿಕೆಯ ಮದ್ದು ಕೊಟ್ಟು, ಆಸ್ಪತ್ರೆಯ ಹೊರಗಿನ ಇಳಿಜಾರಿನಲ್ಲಿ ನಡೆಸಿದರು. ಕೆಲವು ಗಂಟೆ ನೋವೇ ಇರಲಿಲ್ಲ. ಬೆರಳು, ಚಿತ್ರ, ಮದ್ದು ಮೂರೂ ಒಂದೇ ಕೀಲನ್ನು ತೋರಿಸಿದ ಮೇಲೆ ಆ ಒಂದು ಕೀಲನ್ನು ಮಾತ್ರ ಬೆಸೆದರು. ಮೇಲಿನ ಕೀಲು ಉಳಿಯಿತು. ಪಾದ ಮೇಲೆ ಕೆಳಗೆ ಈಗಲೂ ಆಡುತ್ತದೆ, ಓರೆಯಾಗುವುದಿಲ್ಲ. ಮರ ಹತ್ತುವುದು ಮುಗಿಯಿತು. ತೋಟ ಸುತ್ತುತ್ತಾರೆ, ಕೆಳಗೆ ನಿಂತು ಕೊನೆ ಹಿಡಿಯುವವರಿಗೆ ಹೇಳಿಕೊಡುತ್ತಾರೆ. ಫಾಲೋಅಪ್‌ಗೆ ಬಂದಾಗ ನಮ್ಮ ವಿಭಾಗಕ್ಕೂ ಬಂದು ಒಂದು ಪೊಟ್ಟಣ ಕೆಂಪಡಿಕೆ ಕೊಟ್ಟು ಹೋದರು.

ಇನ್ನೊಬ್ಬ ಹುಡುಗ. ಕಾನ್‌ಸ್ಟೇಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗಲು ನಸುಕಿನಲ್ಲಿ ಎದ್ದು ಡಾಂಬರು ರಸ್ತೆಯ ಮೇಲೆ ಓಡುತ್ತಿದ್ದ. ಪಾದದ ಮೇಲ್ಭಾಗದಲ್ಲಿ ನೋವು. ಎಕ್ಸ್‌ರೇ ಸರಿ ಇದೆ ಎಂದು ಮುಲಾಮು ಹಚ್ಚಿ ಮತ್ತೆ ಓಡಿದ. ಅವನಿಗಿದ್ದದ್ದು ನಡುಪಾದದ ನೇವಿಕ್ಯುಲರ್ ಎಂಬ ಮೂಳೆಯ ಒತ್ತಡದ ಬಿರುಕು. ಆ ಮೂಳೆಯ ನಡುಭಾಗಕ್ಕೆ ರಕ್ತ ಕಡಿಮೆ, ಓಟಗಾರರಲ್ಲಿ ಬಿರುಕು ಬಿಡುವುದು ಅಲ್ಲಿಯೇ. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಸ್ಪೆಕ್ಟ್‌ನಲ್ಲಿ ಮೂಳೆ ಉರಿಯುತ್ತಿತ್ತು, ಸಿಟಿಯಲ್ಲಿ ಬಿರುಕಿನ ಗೆರೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಸಿಕ್ಕಿತು. ಇಂಥ ಬಿರುಕನ್ನು ಎಂಆರ್‌ಐಯೂ ಹಿಡಿಯುತ್ತದೆ, ವಿಕಿರಣವಿಲ್ಲದೆ. ಎಳೆಯ ವಯಸ್ಸಿನವರಿಗೆ ಎಂಆರ್‌ಐ ಮೊದಲು ಮಾಡಿಸಿ ಎಂದು ಡಾಕ್ಟರು ಹೇಳಿದರೆ ಅದೇ ಸರಿ. ಕಾಲು ಊರದೆ ಪ್ಲಾಸ್ಟರ್‌ನಲ್ಲಿರಬೇಕು ಎಂದಾಗ ಆ ಹುಡುಗ ಕಣ್ಣೀರು ಹಾಕಿದ. ಆ ವರ್ಷದ ನೇಮಕಾತಿ ಕೈತಪ್ಪುತ್ತಿತ್ತು. ಓಡಿ ಮೂಳೆ ಪೂರ್ತಿ ಸೀಳಿದರೆ ಮುಂದಿನ ವರ್ಷದ್ದೂ ಹೋಗುತ್ತದೆ ಎಂದು ಅವನ ಅಮ್ಮನಿಗೆ ಡಾಕ್ಟರು ತಾಳ್ಮೆಯಿಂದ ಹೇಳಿದರು.

ಬೌಲಿಂಗ್ ಮಾಡುವ ಹುಡುಗರು ಹಿಮ್ಮಡಿಯ ಹಿಂದೆ, ಒಳಗೆ ಎಲ್ಲೋ ನೋವು ಎಂದು ಬರುವುದುಂಟು. ಟೇಲಸ್‌ನ ಹಿಂದೆ ಆಸ್ ಟ್ರೈಗೋನಮ್ ಎಂಬ ಸಣ್ಣ ಹೆಚ್ಚುವರಿ ಮೂಳೆ ಕೆಲವರಿಗೆ ಇರುತ್ತದೆ. ಇದ್ದವರಲ್ಲಿ ಹೆಚ್ಚಿನವರಿಗೆ ಅದರಿಂದ ತೊಂದರೆಯೇ ಇಲ್ಲ. ಎಕ್ಸ್‌ರೇಯಲ್ಲಿ ಅದು ಕಂಡಿತೆಂದು ತೆಗೆಸುವ ಮೊದಲು ಅಲ್ಲಿ ಬಣ್ಣ ಇದೆಯೇ ಎಂದು ನೋಡುವುದು ಒಳ್ಳೆಯದು.

ಬಣ್ಣ ಇದ್ದ ಮಾತ್ರಕ್ಕೆ ಅಲ್ಲೇ ನೋವು ಎಂದೂ ಅಲ್ಲ. ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಒಬ್ಬ ಅಕ್ಕ ಬಂದಿದ್ದರು. ಅವರ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆದದ್ದು ಹೆಬ್ಬೆರಳಿನ ಬುಡದ ಕೀಲು. ನಿಂತು ನಿಂತು ಸವೆದ ಕೀಲು ಅದು, ಒತ್ತಿದರೂ ಅವರಿಗೆ ನೋಯುತ್ತಿರಲಿಲ್ಲ. ಅವರ ಬೆರಳು ನಿಂತದ್ದು ಪಾದದ ಹೊರ ಅಂಚಿನಲ್ಲಿ, ಹಿಮ್ಮಡಿ ಮೂಳೆ ಮತ್ತು ಕ್ಯೂಬಾಯ್ಡ್ ಮೂಳೆ ಸೇರುವ ಕಡೆ. ಅಲ್ಲಿ ಚುಕ್ಕೆ ಚಿಕ್ಕದು, ಮಂದ. ಚೀಟಿಯಲ್ಲಿ ಆ ಗುರುತು ಇದ್ದದ್ದರಿಂದ ನಮ್ಮ ಡಾಕ್ಟರು ಮಂದ ಚುಕ್ಕೆಯನ್ನೇ ಮೊದಲು ಬರೆದರು, ಹೆಬ್ಬೆರಳಿನದು ನೋವಿಗೆ ಸಂಬಂಧಿಸಿದ್ದಲ್ಲ ಎಂದು ಕೊನೆಗೆ ಸೇರಿಸಿದರು. ಮೂಳೆ ತನ್ನನ್ನು ತಾನು ತಿದ್ದಿಕೊಳ್ಳುತ್ತಿದೆ ಎಂದಷ್ಟೇ ಯಂತ್ರ ಹೇಳುವುದು. ನೋವು ಎಲ್ಲಿ ಎಂದು ಹೇಳಬಲ್ಲವರು ರೋಗಿ ಒಬ್ಬರೇ.

ಈ ಪರೀಕ್ಷೆ ಎಲ್ಲರಿಗೂ ಬೇಕಾಗಿಲ್ಲ, ಅದನ್ನೂ ಹೇಳಬೇಕು. ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಕೆಳಗೆ ಚುಚ್ಚಿ, ಸ್ವಲ್ಪ ನಡೆದ ಮೇಲೆ ಸಡಿಲವಾಗುವ ನೋವಿಗೆ ಹೆಚ್ಚಿನವರಲ್ಲಿ ಪಾದದಡಿಯ ಪಟ್ಟಿಯ ಉರಿಯೂತ ಕಾರಣ. ಅದನ್ನು ಡಾಕ್ಟರು ಕೈಯಲ್ಲಿ ಒತ್ತಿ ನೋಡಿಯೇ ಹೇಳುತ್ತಾರೆ. ವ್ಯಾಯಾಮ, ಸರಿಯಾದ ಚಪ್ಪಲಿ, ತಿಂಗಳುಗಳ ತಾಳ್ಮೆಗೆ ಅದು ಬಗ್ಗುತ್ತದೆ. ಅಂಥವರು ಯಾರದೋ ಮಾತು ಕೇಳಿ ಸ್ಕ್ಯಾನ್ ಮಾಡಿಕೊಡಿ ಎಂದು ನೇರವಾಗಿ ಬಂದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಎಂದು ಹಿಂದಕ್ಕೆ ಕಳಿಸುತ್ತೇವೆ. ಸ್ನಾಯುರಜ್ಜು ಹರಿದದ್ದು, ಅಸ್ಥಿರಜ್ಜು ಸಡಿಲವಾದದ್ದು ನಮ್ಮಲ್ಲಿ ಕಾಣುವುದಿಲ್ಲ. ಆಪರೇಷನ್ ಆದ ಹೊಸದರಲ್ಲಿ ಬರುವುದೂ ವ್ಯರ್ಥ. ಕೊಯ್ದ ಮೂಳೆ, ಬೆಸೆದ ಕೀಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಬಣ್ಣ ತೋರಿಸುತ್ತಲೇ ಇರುತ್ತದೆ. ಅದು ವಾಸಿಯಾಗುವ ಬಣ್ಣವೋ ಕೂಡದೆ ಉಳಿದ ಬಣ್ಣವೋ ಬೇರ್ಪಡಿಸುವುದು ಕಷ್ಟ.

ಸಕ್ಕರೆ ಕಾಯಿಲೆಯವರ ಕಾಲಿನ ಬಗ್ಗೆ ನನಗೆ ಹೆಚ್ಚು ಆತಂಕ. ನರಗಳು ಸತ್ತು ನೋವೇ ತಿಳಿಯದ ಪಾದ ಒಂದು ದಿನ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಮೂಳೆಗಳು ಒಳಗೊಳಗೇ ಪುಡಿಯಾಗುವ ಶಾರ್ಕೋ ಪಾದ ಇರಬಹುದು, ಮೂಳೆಗೆ ತಗಲಿದ ಸೋಂಕೂ ಇರಬಹುದು. ಎರಡರಲ್ಲೂ ನಮ್ಮ ಬೋನ್ ಸ್ಕ್ಯಾನಿನ ಮೂರು ಹಂತಗಳೂ ಹೊಳೆಯುತ್ತವೆ, ಅದೊಂದರಿಂದಲೇ ಬೇರ್ಪಡಿಸಲಾಗದು. ಆಗ ರೋಗಿಯ ಬಿಳಿರಕ್ತಕಣಗಳಿಗೇ ಗುರುತು ಹಚ್ಚಿ ಮತ್ತೆ ಒಳಗೆ ಬಿಟ್ಟು ನೋಡುವ ಇನ್ನೊಂದು ಸ್ಕ್ಯಾನ್ ಬೇಕಾಗುತ್ತದೆ. ಇದಕ್ಕೆ ಸಮಯ ಕಾಯುವುದಿಲ್ಲ. ಸಕ್ಕರೆ ಕಾಯಿಲೆಯವರ ಒಂದು ಪಾದ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಬಿಸಿನೀರಿನಲ್ಲಿ ಅದ್ದುವುದು, ಸೊಪ್ಪು ಕಟ್ಟುವುದು ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮಲ್ಲಿಗೆ ಬರುವವರು ಹಳೆಯ ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲವನ್ನೂ ತನ್ನಿ, ಹಳೆಯದು ಯಾಕೆ ಎಂದು ಮನೆಯಲ್ಲಿ ಬಿಟ್ಟು ಬರಬೇಡಿ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾರ್ಡು ಬೇಕು, ಏನು ಹಾಕಿದ್ದಾರೆ, ಯಾವ ತಾರೀಖು ಎಂಬುದು ಅದರಲ್ಲಿರುತ್ತದೆ. ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದರೆ ಅದನ್ನೂ ಹೇಳಿ. ದೂರದ ಊರಿನವರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗಬಹುದು, ಆದರೆ ಬೆಳಿಗ್ಗೆ ತಡವಾದರೆ ಕಷ್ಟ. ಮದ್ದು ಪ್ರತಿ ಗಂಟೆಗೂ ಕಡಿಮೆಯಾಗುತ್ತಿರುತ್ತದೆ, ನಿಮಗಾಗಿ ಅಳೆದಿಟ್ಟದ್ದು ಯಾರಿಗಾಗಿಯೂ ನಿಲ್ಲುವುದಿಲ್ಲ.

ಕಳಿಸುವ ಡಾಕ್ಟರುಗಳಲ್ಲಿ ನನ್ನದೊಂದು ಕೋರಿಕೆ. ಚೀಟಿಯಲ್ಲಿ ಬರೀ 'ಕಾಲು ನೋವು, ಬೋನ್ ಸ್ಕ್ಯಾನ್' ಎಂದು ಬರೆದರೆ ಇಡೀ ಮೈಯ ಚಿತ್ರ ತೆಗೆದು, ಪಾದ ಅದರ ಕೊನೆಯಲ್ಲಿ ಸಣ್ಣದಾಗಿ ಬಂದು, ರಿಪೋರ್ಟೂ ಅಷ್ಟೇ ಸಣ್ಣದಾಗಿ ಬರುವ ಸಂಭವವಿದೆ. 'ಎಡಗಾಲು, ಸಬ್‌ಟೇಲರ್ ಕೀಲೋ ಟೇಲೋನೇವಿಕ್ಯುಲರ್ ಕೀಲೋ' ಎಂದು ಒಂದು ಸಾಲು ಇದ್ದರೆ ನಾನು ಪಾದಕ್ಕೆ ಮಾತ್ರ ಕ್ಯಾಮೆರಾ ಹತ್ತಿರ ತಂದು, ಸಿಟಿಯನ್ನು ತೆಳುವಾದ ಪದರಗಳಲ್ಲಿ ತೆಗೆಯುತ್ತೇನೆ. ನಮ್ಮ ಡಾಕ್ಟರು ಆ ಎರಡೂ ಕೀಲುಗಳ ಹೆಸರು ಬರೆದು ಒಂದೊಂದಕ್ಕೂ ಉತ್ತರ ಕೊಡುತ್ತಾರೆ.